1982: ಬೀದಿಯಲ್ಲಿ ಕನ್ನಡ, ಟಿವಿಯಲ್ಲಿ ಹಿಂದಿ

ತುಮಕೂರಿನ ಶೆಟ್ಟಿಹಳ್ಳಿಯಲ್ಲಿರೋ ನಮ್ಮ ಮನೆ ತಾರಸಿ ಮೇಲೆ ಹಳೇ ಟಿವಿ ಆಂಟೆನಾ ಒಂದು ಇನ್ನೂ ನಿಂತಿದೆ. ಕಡ್ಡಿಗಳು ಅರ್ಧ ಉದುರಿವೆ. ಪೈಪಿಗೆ ಅಮ್ಮ ಬಟ್ಟೆ ಒಣಗಿಸೋ ಹಗ್ಗ ಕಟ್ಟಿದ್ದಾರೆ. ಹೋದ ತಿಂಗಳು ಅಕ್ಕನ ಮಗಳು ಅದನ್ನ ನೋಡಿ, "ಮಾಮ, ಇದು ಯಾಕೆ ಹೀಗೆ ಒಂದೇ ಕಡೆ ತಿರುಗಿ ನಿಂತಿದೆ?" ಅಂದಳು. ಬೆಂಗಳೂರಿನ ಕಡೆಗೆ, ಅಂದೆ. ಕಾಲೇಜಲ್ಲಿ ಹಿಂದಿ ಹೇರಿಕೆ ವಿರುದ್ಧ ಪೋಸ್ಟರ್ ಬರೆಯೋ ಹುಡುಗಿ ಅವಳು. ರಾಜ್‌ಕುಮಾರ್ ಗೋಕಾಕ್ ಚಳವಳಿಗೆ ಇಳಿದರು ಅನ್ನೋದು ಗೊತ್ತು. ಅದೇ ವರ್ಷ ಈ ಆಂಟೆನಾ ಜಾತಿಯ ಕಡ್ಡಿಗಳ ಮೂಲಕ ಏನು ಬಂತು ಅನ್ನೋದು ಗೊತ್ತಿರಲಿಲ್ಲ. ಎಂಬತ್ತರ ದಶಕದ ಮೊದಲ ನಾಲ್ಕೈದು ವರ್ಷಗಳಲ್ಲಿ ಕನ್ನಡ ಸಿನಿಮಾ, ಟಿವಿ, ಹಾಡುಗಳಲ್ಲಿ ಆದದ್ದನ್ನು ಒಂದು ಕಡೆ ಬರೆದಿಡೋಣ ಅನ್ನಿಸಿದ್ದು ಆಗ.

ಮೊದಲು ಸಿನಿಮಾ. 1980ರಲ್ಲಿ ಶಂಕರ್ ನಾಗ್ 'ಮಿಂಚಿನ ಓಟ'ದೊಂದಿಗೆ ನಿರ್ದೇಶಕರಾದರು. ಮರುವರ್ಷ 'ಗೀತಾ' ಮಾಡಿದರು, ಸಂಗೀತ ಇಳಯರಾಜಾ. 1981ರಲ್ಲೇ ಪುಟ್ಟಣ್ಣ ಕಣಗಾಲ್ ಅವರ 'ರಂಗನಾಯಕಿ' ಬಂತು, ವೃತ್ತಿ ನಾಟಕ ಕಂಪನಿಯ ನಟಿಯೊಬ್ಬಳ ಕಥೆ. ನಮ್ಮ ಜಿಲ್ಲೆಯವರಿಗೆ ಇದು ಸ್ವಲ್ಪ ಮನೆ ಕಥೆ. ಗುಬ್ಬಿ ವೀರಣ್ಣನವರ ಕಂಪನಿಯಲ್ಲೇ ರಾಜ್‌ಕುಮಾರ್ ಮತ್ತು ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಬಣ್ಣ ಹಚ್ಚಿದ್ದು. ರಾಜ್ ನಾಯಕರಾದ 'ಬೇಡರ ಕಣ್ಣಪ್ಪ' (1954) ತಯಾರಾದದ್ದೂ ಗುಬ್ಬಿ ಬ್ಯಾನರ್‌ನಲ್ಲೇ. 'ರಂಗನಾಯಕಿ' ಬರೋ ಹೊತ್ತಿಗೆ ಆ ಕಂಪನಿ ಕಾಲ ಮುಗಿದೇ ಹೋಗಿತ್ತು.

ಅದೇ 1981ರ 'ಅಂತ' ಬೇರೆ ತರಹದ್ದು. ಎಚ್.ಕೆ. ಅನಂತರಾವ್ ಕಾದಂಬರಿ, ರಾಜೇಂದ್ರ ಸಿಂಗ್ ಬಾಬು ನಿರ್ದೇಶನ. ಅಂಬರೀಶ್ ಪೊಲೀಸ್ ಅಧಿಕಾರಿಯೂ ಹೌದು, ಕನ್ವರ್‌ಲಾಲ್ ಅನ್ನೋ ದುಷ್ಟನೂ ಹೌದು. ಅಧಿಕಾರದಲ್ಲಿ ಇರೋರೇ ಕಳ್ಳರು ಅಂತ ಪರದೆ ಮೇಲೆ ಅಷ್ಟು ಜೋರಾಗಿ ಕೂಗಿದ್ದಕ್ಕೆ ಜನ ಮುಗಿಬಿದ್ದರು. ಅದರ ಹಿಂಸೆ ಇವತ್ತು ನೋಡಿದರೂ ಹೊಟ್ಟೆ ತೊಳಸುತ್ತೆ. ರಾಜಕೀಯ ಸಿನಿಮಾ ಅಂತ ನನ್ನನ್ನ ಕೇಳಿದರೆ ನಾನು ತೋರಿಸೋದು ಎಂ.ಎಸ್. ಸತ್ಯು ಅವರ 'ಬರ'. ಯು.ಆರ್. ಅನಂತಮೂರ್ತಿಯವರ ಕಥೆ, ಜಿಲ್ಲಾಧಿಕಾರಿಯಾಗಿ ಅನಂತ್ ನಾಗ್. ಕೆರೆ ಒಣಗಿದೆ, ಜನ ಗುಳೆ ಹೋಗ್ತಿದ್ದಾರೆ. ಆದರೆ ಜಿಲ್ಲೆಯನ್ನ ಬರಪೀಡಿತ ಅಂತ ಘೋಷಿಸಬೇಕಾ ಬೇಡವಾ ಅನ್ನೋದನ್ನ ತೀರ್ಮಾನಿಸೋದು ಮಳೆ ಲೆಕ್ಕ ಅಲ್ಲ, ರಾಜಧಾನಿಯ ಲೆಕ್ಕಾಚಾರ. ಪಾವಗಡ, ಶಿರಾ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

1983 ಕೂಡ ಸಣ್ಣ ವರ್ಷ ಅಲ್ಲ. ಎಂ.ಕೆ. ಇಂದಿರಾ ಕಾದಂಬರಿಯಿಂದ ಪ್ರೇಮಾ ಕಾರಂತ್ ಮಾಡಿದ 'ಫಣಿಯಮ್ಮ', ಮಣಿರತ್ನಂ ಅವರ ಮೊಟ್ಟಮೊದಲ ಸಿನಿಮಾ 'ಪಲ್ಲವಿ ಅನುಪಲ್ಲವಿ' (ಹೌದು, ಕನ್ನಡದಲ್ಲೇ, ನಾಯಕ ಅನಿಲ್ ಕಪೂರ್), ಜಿ.ವಿ. ಅಯ್ಯರ್ ಅವರ ಸಂಸ್ಕೃತ ಸಿನಿಮಾ 'ಆದಿ ಶಂಕರಾಚಾರ್ಯ', ರಾಜ್ ಅವರ 'ಕವಿರತ್ನ ಕಾಳಿದಾಸ'. ಪಟ್ಟಿ ಬೆಳೆಸುತ್ತಾ ಹೋಗಬಹುದು, ಆದರೆ ನನಗೆ ಮುಖ್ಯ ಅನ್ನಿಸೋದು ಅದರ ಹಿಂದಿನ ವರ್ಷ.

ಪ್ರಥಮ ಭಾಷೆಯ ಜಗಳ

ಗೋಕಾಕ್ ಚಳವಳಿ ಅಂದ ಕೂಡಲೇ ಕನ್ನಡ ವರ್ಸಸ್ ಹಿಂದಿ ಅಂದುಕೊಳ್ಳೋರು ಜಾಸ್ತಿ. ಶುರುವಾದದ್ದು ಸಂಸ್ಕೃತದಿಂದ. ಹೈಸ್ಕೂಲಲ್ಲಿ ಪ್ರಥಮ ಭಾಷೆಯಾಗಿ ಸಂಸ್ಕೃತ ತಗೊಂಡು, ಕನ್ನಡವನ್ನ ಬಿಟ್ಟೇ ಓದು ಮುಗಿಸಬಹುದಿತ್ತು. ಅಂಕ ಸುಲಭ ಅಂತ ತಗೊಳ್ಳೋರೂ ಇದ್ದರು. ಈ ಜಗಳ ಬಗೆಹರಿಸೋಕೆ ಗುಂಡೂರಾವ್ ಸರ್ಕಾರ 1980ರಲ್ಲಿ ವಿ.ಕೃ. ಗೋಕಾಕ್ ಅಧ್ಯಕ್ಷತೆಯ ಸಮಿತಿ ಮಾಡಿತು. 1981ರ ಜನವರಿಯಲ್ಲಿ ವರದಿ ಬಂತು: ಹೈಸ್ಕೂಲಲ್ಲಿ ಕನ್ನಡವೊಂದೇ ಪ್ರಥಮ ಭಾಷೆ ಆಗಬೇಕು. ಸರ್ಕಾರ ಮೀನಮೇಷ ಎಣಿಸಿತು. ಸಾಹಿತಿಗಳು, ವಿದ್ಯಾರ್ಥಿಗಳು ಬೀದಿಗೆ ಬಂದರು; ಧಾರವಾಡ ಮುಂದೆ ನಿಂತಿತು. 1982ರಲ್ಲಿ ರಾಜ್‌ಕುಮಾರ್ ಸೇರಿಕೊಂಡ ಮೇಲೆ ಸಾಹಿತಿಗಳ ಚಳವಳಿ ಜನರ ಚಳವಳಿ ಆಯ್ತು. ಚಿತ್ರರಂಗದವರನ್ನ ಕಟ್ಟಿಕೊಂಡು ಅವರು ಊರೂರು ಸುತ್ತಿದರು.

ಅದೇ ವರ್ಷ ತೆರೆಕಂಡ 'ಚಲಿಸುವ ಮೋಡಗಳು' ಸಿನಿಮಾದಲ್ಲಿ ಚಿ. ಉದಯಶಂಕರ್ ಬರೆದ, ರಾಜನ್-ನಾಗೇಂದ್ರ ಸ್ವರ ಹಾಕಿದ, ರಾಜ್ ತಾವೇ ಹಾಡಿದ ಕನ್ನಡ ನುಡಿಯ ಹಾಡೊಂದಿದೆ. ಯಾವ ಹಾಡು ಅಂತ ನಿಮಗೆ ಗೊತ್ತು. ರಾಜ್ಯೋತ್ಸವದ ಆರ್ಕೆಸ್ಟ್ರಾಗಳಲ್ಲಿ ಅದಿಲ್ಲದೆ ಕಾರ್ಯಕ್ರಮ ಮುಗಿಯಲ್ಲ. ನಮ್ಮ ತಲೆಮಾರು ಗೋಕಾಕ್ ವರದಿಯ ಒಂದು ಪುಟ ಓದಿಲ್ಲ, ಆ ಹಾಡು ಬಾಯಿಪಾಠ.

ಆಗ ಪಕ್ಕದ ರಾಜ್ಯದಲ್ಲಿ ಏನಾಗ್ತಿತ್ತು ನೋಡಿ. 1982ರ ಮಾರ್ಚ್‌ನಲ್ಲಿ ಎನ್.ಟಿ. ರಾಮರಾವ್ ತೆಲುಗು ದೇಶಂ ಕಟ್ಟಿದರು, 1983ರ ಜನವರಿ 9ಕ್ಕೆ ಮುಖ್ಯಮಂತ್ರಿ ಆದರು. ಮರುದಿನ, ಜನವರಿ 10ಕ್ಕೆ, ಇಲ್ಲಿ ರಾಮಕೃಷ್ಣ ಹೆಗಡೆ ಪ್ರಮಾಣವಚನ ಸ್ವೀಕರಿಸಿದರು. ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ. ತಮಿಳುನಾಡಲ್ಲಿ ಎಂಜಿಆರ್ 1977ರಿಂದಲೇ ಕುರ್ಚಿಯಲ್ಲಿದ್ದರು. ರಾಜ್ ಮಾತ್ರ ಪಕ್ಷ ಕಟ್ಟಲಿಲ್ಲ, ಯಾವ ಪಕ್ಷಕ್ಕೂ ಹೋಗಲಿಲ್ಲ. ಇದನ್ನ ಅವರ ದೊಡ್ಡಗುಣ ಅಂತ ಹಾಡಿ ಹೊಗಳೋದು ನಮ್ಮಲ್ಲಿ ರೂಢಿ. ಅದರ ಇನ್ನೊಂದು ಮುಖ ಏನಂದ್ರೆ, ಅಷ್ಟು ದೊಡ್ಡ ಜನಶಕ್ತಿಗೆ ಆಮೇಲೆ ವಿಧಾನಸಭೆಯಲ್ಲಿ ಕೂತು ಪ್ರಶ್ನೆ ಕೇಳೋ ವಾರಸುದಾರರೇ ಇರಲಿಲ್ಲ. ಗುಂಡೂರಾವ್ ಸೋತದ್ದು ಗೋಕಾಕ್‌ನಿಂದ ಅಷ್ಟೇ ಅನ್ನೋದೂ ಅವಸರದ ಮಾತು. 1980ರ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗುಂಡು ಹಾರಿದ್ದನ್ನ ಜನ ಮರೆತಿರಲಿಲ್ಲ.

ಆದೇಶ ಬಂತು. 1982ರ ಏಪ್ರಿಲ್ 30ರಂದು ಒಂದು, ಅದು ಸಾಲದು ಅಂತ ಗಲಾಟೆ ಆದಮೇಲೆ ಜುಲೈ 20ರಂದು ಇನ್ನೊಂದು. ಉರ್ದು, ತಮಿಳು, ಮರಾಠಿ ಮನೆಮಾತಿನವರು ನಮ್ಮ ಮಕ್ಕಳ ಗತಿ ಏನು ಅಂತ ಕೇಳಿದರು. 1989ರಲ್ಲಿ ಹೈಕೋರ್ಟಿನ ಪೂರ್ಣಪೀಠ, ಕನ್ನಡವೊಂದೇ ಪ್ರಥಮ ಭಾಷೆ ಅನ್ನೋ ಕಡ್ಡಾಯ ಸಂವಿಧಾನಕ್ಕೆ ಒಪ್ಪಲ್ಲ ಅಂತ ಹೇಳಿತು. 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಪ್ರಾಥಮಿಕ ಹಂತದಲ್ಲೂ ಮಾತೃಭಾಷಾ ಮಾಧ್ಯಮವನ್ನ ರಾಜ್ಯ ಹೇರೋ ಹಾಗಿಲ್ಲ ಅಂದಿತು. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಈಗ ಉಳಿದಿರೋದು: ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕನ್ನಡ ಕಲೀಲೇಬೇಕು. ಗೋಕಾಕ್ ಕೇಳಿದ್ದು ಇದಕ್ಕಿಂತ ಜಾಸ್ತಿ.

ಹಾಸನದಿಂದ ಬಂದ ಹಿಂದಿ

ಈಗ ಆಂಟೆನಾ ವಿಷಯ. ಕರ್ನಾಟಕಕ್ಕೆ ಟಿವಿ ಮೊದಲು ಬಂದದ್ದು ಬೆಂಗಳೂರಿಗಲ್ಲ, ಕಲಬುರಗಿ, ರಾಯಚೂರು, ವಿಜಯಪುರದ ಹಳ್ಳಿಗಳಿಗೆ, 1975-76ರ 'ಸೈಟ್' ಉಪಗ್ರಹ ಪ್ರಯೋಗದಲ್ಲಿ. ಒಂದೇ ವರ್ಷಕ್ಕೆ ಅದು ನಿಂತಿತು. 1981ರ ನವೆಂಬರ್‌ನಲ್ಲಿ ಬೆಂಗಳೂರು ದೂರದರ್ಶನ ಶುರುವಾಯ್ತು. ಟಿವಿ ಸಿಗ್ನಲ್ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಹೋಗುತ್ತೆ. ನೂರು ಮೀಟರ್ ಗೋಪುರದಿಂದ ದಿಗಂತ ಅಂದ್ರೆ ಸುಮಾರು 35-40 ಕಿ.ಮೀ., ತುಮಕೂರು ಇರೋದು 70 ಕಿ.ಮೀ. ದೂರ. ಅದಕ್ಕೇ ಇಲ್ಲಿಯವರಿಗೆ ತೆಂಗಿನಮರದ ಎತ್ತರಕ್ಕೆ ಪೈಪು, ಜೊತೆಗೆ ಬೂಸ್ಟರ್. ಮೇಲೊಬ್ಬರು ತಿರುಗಿಸೋದು, ಕೆಳಗಿಂದ ಒಬ್ಬರು "ಬಂತು, ಬಂತು... ಹೋಯ್ತು" ಅನ್ನೋದು. ಎಂಜಿನಿಯರಿಂಗ್‌ನಲ್ಲಿ ಆಂಟೆನಾ ಪೇಪರ್ ಬರೆದ ನನಗಿಂತ ನಮ್ಮಪ್ಪನಿಗೆ ಇದು ಚೆನ್ನಾಗಿ ಗೊತ್ತಿತ್ತು.

1982ರ ಆಗಸ್ಟ್ 15ಕ್ಕೆ ದೂರದರ್ಶನ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು, ಬಣ್ಣದ ಪ್ರಸಾರವೂ ಆಗಲೇ. ದಿನಾ ರಾತ್ರಿ, ದೇಶಕ್ಕೆಲ್ಲ ದೆಹಲಿಯಿಂದ, ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಎರಡನೇ ಗೋಕಾಕ್ ಆದೇಶ ಹೊರಟು ಇನ್ನೂ ತಿಂಗಳೂ ಆಗಿರಲಿಲ್ಲ. ನವೆಂಬರ್‌ನಲ್ಲಿ ಏಷ್ಯನ್ ಗೇಮ್ಸ್ ಬಂತು, ಎಲ್ಲರೂ ಅದನ್ನ ನೋಡಿದರು. ತಮಾಷೆ ಅಂದ್ರೆ, ಈ ಜಾಲವನ್ನ ಹಳ್ಳಿಹಳ್ಳಿಗೆ ಒಯ್ದ ಇನ್ಸಾಟ್ ಉಪಗ್ರಹಗಳ ಕಡಿವಾಣ ಇದ್ದದ್ದು ನಮ್ಮ ಹಾಸನದ ನಿಯಂತ್ರಣ ಕೇಂದ್ರದಲ್ಲಿ.

ಶಾಲೆಯ ಪ್ರಥಮ ಭಾಷೆಗಾಗಿ ಬೀದಿಗಿಳಿದ ನಾಡು, ಮನೆಯೊಳಗಿನ ರಾತ್ರಿಯ ಹೊತ್ತು ಯಾವ ಭಾಷೆಯದು ಅಂತ ಅಷ್ಟೇ ಗಟ್ಟಿಯಾಗಿ ಕೇಳಲಿಲ್ಲ. ಪಠ್ಯಪುಸ್ತಕಕ್ಕೆ ಆದೇಶ ಬೇಕು, ಟಿವಿಗೆ ಬರೀ ಕರೆಂಟು ಸಾಕು. ಶಂಕರ್ ನಾಗ್ ಆಗುಂಬೆಯಲ್ಲಿ, ನಮ್ಮ ನಟರನ್ನೇ ಹಾಕಿಕೊಂಡು ಮಾಡಿದ 'ಮಾಲ್ಗುಡಿ ಡೇಸ್' ಹಿಂದಿಯಲ್ಲಿ ಯಾಕಿದೆ ಅಂತ ಕೇಳಿದರೆ ಉತ್ತರ ಇಲ್ಲೇ ಇದೆ. ಇಡೀ ದೇಶ ನೋಡೋ ಹೊತ್ತು ಬೇಕಾದರೆ ಭಾಷೆ ದೆಹಲಿಯದು.

ಕನ್ನಡಿಗರು ಟಿವಿ ಮುಂದೆ ಕೊನೆಗೂ ಸಿಟ್ಟಾದದ್ದು 1994ರ ಅಕ್ಟೋಬರ್‌ನಲ್ಲಿ. ಬೆಂಗಳೂರು ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆ ಶುರು ಮಾಡಿತು. ಗಲಭೆ ಎದ್ದಿತು, ಜನ ಸತ್ತರು, ವಾರ್ತೆ ನಿಂತಿತು. ಹನ್ನೆರಡು ವರ್ಷ ದಿನಾ ರಾತ್ರಿ ಬಂದ ಹಿಂದಿಗೆ ಬೀಳದ ಕಲ್ಲು ಹತ್ತು ನಿಮಿಷದ ಉರ್ದುವಿಗೆ ಬಿತ್ತು. ಕನ್ನಡಪರ ಅಂತ ಹೇಳಿಕೊಳ್ಳೋ ನಾವು ಈ ಲೆಕ್ಕವನ್ನ ಇನ್ನೂ ಸರಿಯಾಗಿ ಮಾಡಿಲ್ಲ.

ಕ್ಯಾಸೆಟ್ಟು

ಸರ್ಕಾರದ ಅಪ್ಪಣೆ ಬೇಡದ ದಾರಿಯೊಂದು ಆಗ ತೆರೆದಿತ್ತು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸಂಗೀತ ಕೊಟ್ಟ 'ನಿತ್ಯೋತ್ಸವ' ಕ್ಯಾಸೆಟ್ ಬಂದಮೇಲೆ ಭಾವಗೀತೆ ಮನೆಮನೆಗೆ ಹೋಯ್ತು, ಸಿ. ಅಶ್ವಥ್, ಶಿವಮೊಗ್ಗ ಸುಬ್ಬಣ್ಣ, ರತ್ನಮಾಲಾ ಪ್ರಕಾಶ್ ಮನೆಮಾತಾದರು. ಕನ್ನಡ ನಾಡಿನ ಹಾಡು ಬರೆದುಕೊಟ್ಟ ನಿಸಾರ್ ಅವರ ಮನೆಮಾತು ಉರ್ದು ಅನ್ನೋದನ್ನ 1994ರ ಪ್ಯಾರಾ ಪಕ್ಕದಲ್ಲೇ ಇಟ್ಟು ಓದಿ. ಅದೇ ಕಾಲಕ್ಕೆ ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ಸಿದ್ಧಲಿಂಗಯ್ಯನವರ ಹಾಡುಗಳು ತಮಟೆ ಜೊತೆ ಬಾಯಿಂದ ಬಾಯಿಗೆ ಹೋಗ್ತಿದ್ದವು. 'ಎಂಬತ್ತರ ಸುಮಧುರ ಗೀತೆಗಳು' ಅನ್ನೋ ಪ್ಲೇಲಿಸ್ಟುಗಳಲ್ಲಿ ಹುಡುಕಿದರೆ ಅವು ಸಿಗಲ್ಲ.

ಅಮ್ಮ ಮದುವೆಯಾಗಿ ಶೆಟ್ಟಿಹಳ್ಳಿಗೆ ಬಂದದ್ದು 1984ರಲ್ಲಿ, ದೂರದರ್ಶನದಲ್ಲಿ 'ಹಮ್ ಲೋಗ್' ಶುರುವಾದ ವರ್ಷ. ನಮ್ಮನೆಯಲ್ಲಿ ಇನ್ನೂ ಟಿವಿ ಇರಲಿಲ್ಲ, ಪಕ್ಕದ ಮನೆಗೆ ಹೋಗಿ ಕೂರೋರು. ಎಪಿಸೋಡ್ ಕೊನೆಗೆ ಅಶೋಕ್ ಕುಮಾರ್ ಬಂದು ಮಾತಾಡೋರಲ್ಲ, ಅದು ಒಂದಕ್ಷರ ಅರ್ಥ ಆಗ್ತಿರಲಿಲ್ಲವಂತೆ. ಆ ಮನೆಯ ಆಪಾ ಉರ್ದು ಮಾತಾಡೋರು, ಹಿಂದಿ ಗೊತ್ತಾಗೋದು. ಅಡುಗೆಮನೆಗೂ ಹಾಲ್‌ಗೂ ಓಡಾಡ್ತಾ, ಒಂದೊಂದೇ ವಾಕ್ಯ ಅಮ್ಮನಿಗೆ ಕನ್ನಡದಲ್ಲಿ ಹೇಳ್ತಿದ್ದರಂತೆ.