ಏಳು ತಂತಿಯ ಪಿಟೀಲೂ ಬಾಖ್‌ನ ಕಾಲದ ಪಿಟೀಲೂ

ಆನೇಕಲ್ಲಿನಿಂದ ಬೆಂಗಳೂರಿಗೆ ಸಂಗೀತ ಕಚೇರಿ ಕೇಳಲು ಹೋಗುವವರಿಗೆ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ ಗೊತ್ತು. ಆದರೆ ಪಿಟೀಲು ಚೌಡಯ್ಯನವರು ಹೆಸರಾದದ್ದು ಸಾಮಾನ್ಯ ನಾಲ್ಕು ತಂತಿಯ ವಾದ್ಯದಿಂದಲ್ಲ, ಏಳು ತಂತಿಯದರಿಂದ.

ತಿರುಮಕೂಡಲು ಚೌಡಯ್ಯ (1895–1967) ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಕಚೇರಿಗಳಲ್ಲಿ ಇನ್ನೂ ಮೈಕು ಬಾರದಿದ್ದ 1920ರ ದಶಕದಲ್ಲಿ, ಹಿಂದಿನ ಸಾಲಿಗೂ ಪಕ್ಕವಾದ್ಯ ಕೇಳಿಸಲೆಂದು ಅವರು ಮೂರು ತಂತಿಗಳನ್ನು ಹೆಚ್ಚಿಗೆ ಬಿಗಿದರು.

ಯೂರೋಪಿನಲ್ಲೂ ಇದೇ ಒತ್ತಡವಿತ್ತು. 19ನೇ ಶತಮಾನದಲ್ಲಿ ಸಭಾಂಗಣಗಳು ದೊಡ್ಡದಾದಂತೆ ಹಳೆಯ ಪಿಟೀಲುಗಳ ಕತ್ತು ಬದಲಾಯಿತು, ತಂತಿಯ ಬಿಗಿತ ಹೆಚ್ಚಿತು. ಮುಂದೆ ಕುರಿಯ ಕರುಳಿನ ತಂತಿಯ ಜಾಗಕ್ಕೆ ಉಕ್ಕು ಬಂತು. ನಾದವೇನೋ ದೊಡ್ಡದಾಯಿತು, ಆದರೆ 17–18ನೇ ಶತಮಾನಗಳ 'ಬರೋಕ್' ಗಾಯನದಲ್ಲಿ ಕಂಠಕ್ಕೂ ವಾದ್ಯಕ್ಕೂ ಇದ್ದ ಹದ ತಪ್ಪಿತು.

ಆ ಹದವನ್ನು ಹುಡುಕಿ ಹೊರಟವರಲ್ಲಿ ವಿಯೆನ್ನಾದ ಹಾರ್ನಾನ್‌ಕೂರ್ ಒಬ್ಬರು. 1953ರಲ್ಲಿ ಅವರು ಹಳೆಯ ವಾದ್ಯಗಳ ವೃಂದ ಕಟ್ಟಿದರು. 1971ರಿಂದ ಗುಸ್ತಾವ್ ಲಿಯೊನ್‌ಹಾರ್ಟ್ ಜೊತೆಗೂಡಿ ಬಾಖ್‌ನ ಸುಮಾರು 200 ಚರ್ಚ್ ಗಾಯನ ಕೃತಿಗಳನ್ನು ಧ್ವನಿಮುದ್ರಿಸತೊಡಗಿದರು. ಕೆಲಸ ಮುಗಿಯಲು ಎರಡು ದಶಕ ಹಿಡಿಯಿತು. ಮೇಲಿನ ಸ್ಥಾಯಿಗೆ ಹೆಚ್ಚಾಗಿ ಬಾಲಕರ ಕಂಠ, ಜೊತೆಗೆ ಕರುಳಿನ ತಂತಿ. ದೊಡ್ಡ ಸಭಾಂಗಣದಲ್ಲಿ ಕರಗಿಹೋಗುವ ಆ ಮೆಲುದನಿಯನ್ನು ಧ್ವನಿಮುದ್ರಣದ ಮೈಕು ಹಿಡಿದು ಮನೆಮನೆಗೆ ಮುಟ್ಟಿಸಿತು.

ಅಲ್ಲಿ ಹಳೆಯ ವಾದ್ಯವನ್ನು ಉಳಿಸಿದ ಮೈಕೇ ಇಲ್ಲಿ ಏಳು ತಂತಿಯ ಅಗತ್ಯವನ್ನು ಕಳೆಯಿತು. ಇಂದು ಅದನ್ನು ನುಡಿಸುವವರು ವಿರಳ. ಚೌಡಯ್ಯನವರ ಹಳೆಯ ಧ್ವನಿಮುದ್ರಿಕೆಗಳಲ್ಲಿ ಆ ತುಂಬುನಾದ ಉಳಿದಿದೆ. ಭವನ ಕಟ್ಟಿ ಹೆಸರು ಉಳಿಸಿದೆವು, ನಿಜ. ನಾದ ಉಳಿಯಬೇಕಾದರೆ ಆ ವಾದ್ಯವನ್ನು ಮತ್ತೆ ಕೈಗೆತ್ತಿಕೊಳ್ಳುವವರು ಬೇಕು.