ಕಾವಲಿನಲ್ಲಿ ಮೂರು ಕಾಲ: ಅಮೃತ್ ಮಹಲ್ ಅಧ್ಯಯನಕ್ಕೆ ಒಂದು ಜಾನಪದೀಯ ಟಿಪ್ಪಣಿ

ಗೋತಳಿಗಳ ಮೇಲೆ ಸಂಶೋಧನೆ ಕೈಗೊಂಡ ವಿದ್ಯಾರ್ಥಿನಿಯೊಬ್ಬಳು ನಗರದ ವಿದ್ಯಾರ್ಥಿನಿಲಯವನ್ನು ತೊರೆದು ಅಜ್ಜಂಪುರದ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರದ ಕಾವಲಿಗೆ ವಾಸ ಬದಲಿಸಿದಳೆಂದು ಭಾವಿಸೋಣ. ಅವಳು ಅಲ್ಲಿ ಎಷ್ಟು ಕಾಲ ನೆಲೆಸಬೇಕು? ಇದು ಅನುದಾನಕ್ಕೆ, ವಸತಿಗೆ ಸಂಬಂಧಿಸಿದ ಪ್ರಶ್ನೆಯೆಂದು ತೋರಬಹುದು. ಆದರೆ ಇದರ ಉತ್ತರ ಕಾವಲಿನ ಚರಿತ್ರೆಯೊಳಗೇ ಅಡಗಿದೆ.

ಕಾವಲೆಂದರೆ ಅರಸೊತ್ತಿಗೆಯ ದನಗಳಿಗೆ ಮೀಸಲಾಗಿದ್ದ ಹುಲ್ಲುನೆಲ. ವಿಜಯನಗರದ ಪ್ರತಿನಿಧಿಗಳು ಶ್ರೀರಂಗಪಟ್ಟಣದಲ್ಲಿ ಹೊಂದಿದ್ದ ‘ಕರುಹಟ್ಟಿ’ಯೇ ಈ ವ್ಯವಸ್ಥೆಯ ಮೂಲವೆಂದು ಹೇಳಲಾಗುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅದು ‘ಬೆಣ್ಣೆ ಚಾವಡಿ’ಯಾಯಿತು, ಟಿಪ್ಪು ಸುಲ್ತಾನನು ಅದಕ್ಕೆ ‘ಅಮೃತ್ ಮಹಲ್’ ಎಂದು ಹೆಸರಿಟ್ಟನು. ಹೆಸರುಗಳೆಲ್ಲ ಹಾಲುಬೆಣ್ಣೆಯವು, ಕೀರ್ತಿಯೆಲ್ಲ ನೊಗದ್ದು! ಹೈದರಾಲಿಯ ಸೇನೆಯ ವೇಗಕ್ಕೆ ಈ ಎತ್ತುಗಳೇ ಆಧಾರವಾಗಿದ್ದವು. 1799ರ ನಂತರ ಹಿಂಡುಗಳು ಇಂಗ್ಲಿಷರ ವಶವಾದವು. 1860ರಲ್ಲಿ ಮಿತವ್ಯಯದ ನೆಪದಲ್ಲಿ ಅವನ್ನು ಮಾರಿ ಚದುರಿಸಲಾಯಿತು. ಸೈನ್ಯಕ್ಕೆ ಎತ್ತುಗಳ ಅಭಾವ ತಟ್ಟಿದಾಗ, ಕೆಲವೇ ವರ್ಷಗಳಲ್ಲಿ ಮತ್ತೆ ಕಟ್ಟಬೇಕಾಯಿತು. 1882ರಲ್ಲಿ ಅವು ಮೈಸೂರು ಸಂಸ್ಥಾನಕ್ಕೆ ಮರಳಿದವು. ಚದುರಿದ ದನಗಳಲ್ಲಿ ತಳಿಯ ಗುಣವನ್ನು ಗುರುತಿಸುವ ಕಣ್ಣು ದಫ್ತರಗಳಲ್ಲಿ ಇರಲಿಲ್ಲ, ದನಗಾಹಿಗಳಲ್ಲಿತ್ತು ಎಂಬುದು ಈ ಲೇಖಕನ ಅಭಿಪ್ರಾಯ.

ನಮ್ಮ ಪ್ರಶ್ನೆಗೆ ಹೆಚ್ಚು ಮುಖ್ಯವಾದುದು ಕಾವಲುಗಳ ವರ್ಗೀಕರಣ. ಮಳೆಗಾಲದವು, ಚಳಿಗಾಲದವು, ಬೇಸಗೆಯವು ಎಂದು ಅವನ್ನು ಮೂರಾಗಿ ವಿಂಗಡಿಸಲಾಗಿತ್ತು. ಮರಗಳ ನೆರಳೂ ಕೆರೆಯಂಗಳದ ಹಸಿರೂ ಇದ್ದ ಬೇಸಗೆ ಕಾವಲುಗಳಿಗೆ ಬೆಲೆ ಹೆಚ್ಚು. ಹಿಂಡು ವರ್ಷವಿಡೀ ಒಂದರಿಂದೊಂದಕ್ಕೆ ಸಾಗುತ್ತಿತ್ತು. ಅಂದರೆ ಈ ತಳಿಯನ್ನು ರೂಪಿಸಿದ್ದು ಕೊಟ್ಟಿಗೆಯಲ್ಲ, ನಡಿಗೆ. ಒಂದೇ ಋತುವಿನಲ್ಲಿ ಹದಿನೈದು ದಿನ ಇದ್ದು, ಎತ್ತರ-ತೂಕಗಳನ್ನು ಅಳೆದುಕೊಂಡು ಹಿಂದಿರುಗುವವರಿಗೆ ದಕ್ಕುವುದು ವರ್ಷದ ಮೂರರಲ್ಲೊಂದು ಪಾಲು ಮಾತ್ರ.

ಬಯಲಲ್ಲೇ ಬೆಳೆದ ಈ ದನಗಳು ಹೊಸಬರನ್ನು ಕಂಡರೆ ಬೆದರುತ್ತವೆ, ಕೆಲವೊಮ್ಮೆ ಮೇಲೇರಿಯೂ ಬರುತ್ತವೆ. ಪರಿಚಿತ ಕೂಗಿಗೆ ಮಾತ್ರ ಹಿಂಡು ಓಗೊಡುತ್ತದೆ. ಆದ್ದರಿಂದ ಸಂಶೋಧಕಿ ಮೊದಲು ದನಗಾಹಿಗೆ ಶಿಷ್ಯೆಯಾಗಬೇಕು. ಅವಳ ನಮೂನೆಯಲ್ಲಿ ವಯಸ್ಸನ್ನು ತಿಂಗಳುಗಳಲ್ಲಿ ಬರೆಯಲು ಅಂಕಣವಿರುತ್ತದೆ. ಅವನು ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಎನ್ನುತ್ತಾನೆ. ಅವಳು ಮೈಬಣ್ಣವನ್ನು ಬೂದು ಎಂದು ಬರೆದು ಮುಗಿಸಿದರೆ, ಅವನು ಸುಳಿಯನ್ನು, ಕೊಂಬಿನ ಬಾಗನ್ನು, ಗೊರಸನ್ನು ನೋಡಿ ಮಾತು ಆರಂಭಿಸುತ್ತಾನೆ. ಸುಳಿಯ ಶುಭಾಶುಭಗಳನ್ನು ವಿಜ್ಞಾನ ಒಪ್ಪಬೇಕಾಗಿಲ್ಲ. ಆದರೆ ಯಾವ ಹೋರಿಯನ್ನು ಬೀಜಕ್ಕೆ ಉಳಿಸಬೇಕು, ಯಾವುದನ್ನು ಮಾರಬೇಕು ಎಂಬ ತೀರ್ಮಾನದಲ್ಲಿ ಆ ನಂಬಿಕೆ ತಲೆಮಾರುಗಳಿಂದ ಕೈಯಾಡಿಸಿರುವಾಗ, ಅದನ್ನು ದಾಖಲಿಸದೆ ತಳಿಯ ಚರಿತ್ರೆ ಪೂರ್ಣವಾಗದು. ಚಿತ್ರದುರ್ಗ ಸೀಮೆಯ ಮ್ಯಾಸಬೇಡರಲ್ಲಿ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳಿದ್ದಾರೆ. ಕಾಡುಗೊಲ್ಲರಲ್ಲಿ ಗಣೆಯ ನಾದದೊಂದಿಗೆ ಹಾಡುವ ಜುಂಜಪ್ಪನ ಕಥನವಿದೆ. ಇವುಗಳನ್ನು ಪಶುವಿಜ್ಞಾನದ ಅಧ್ಯಯನಗಳು ಅಲಂಕಾರಕ್ಕೆಂಬಂತೆ ಮುನ್ನುಡಿಯಲ್ಲಿ ನೆನೆದು ಬಿಟ್ಟುಬಿಡುವುದು ವಿಷಾದನೀಯ.

ಕಾಲಾವಕಾಶವೂ ಕಿರಿದಾಗುತ್ತಿದೆ. ಒಂದು ಕಾಲಕ್ಕೆ 4 ಲಕ್ಷ ಎಕರೆಗೂ ಮಿಕ್ಕಿದ್ದ ಕಾವಲುಗಳು ಸಾಗುವಳಿಗೆ, ಪುನರ್ವಸತಿಗೆ, ಉದ್ಯಮಗಳಿಗೆ ಹಂಚಿಹೋಗಿ ಇಂದು ಅದರ ಅಲ್ಪಭಾಗವಷ್ಟೇ ಉಳಿದಿದೆ. 2011ರಲ್ಲಿ ಬಾಸೂರು ಕಾವಲು ಕೃಷ್ಣಮೃಗಗಳ ಸಲುವಾಗಿ ಸಂರಕ್ಷಣಾ ಮೀಸಲಾಯಿತು. ಅದಕ್ಕೂ ತುಸು ಮುಂಚೆ ಚಳ್ಳಕೆರೆ ತಾಲ್ಲೂಕಿನಲ್ಲಿ ಸಾವಿರಾರು ಎಕರೆ ಕಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಮಂಜೂರಾಗಿ, ಸುತ್ತಲಿನ ಹಳ್ಳಿಗರ ದನಕುರಿಗಳಿಗೆ ಮೇವಿನ ದಾರಿ ಗೋಡೆಯಾಚೆ ಉಳಿಯಿತು. ವಿವಾದ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಹೀಗೆ ಕಾವಲುಗಳ ನಡುವಣ ಕೊಂಡಿ ಕಡಿದಲ್ಲೆಲ್ಲ ‘ಬೇಸಗೆ ಕಾವಲು’ ಎಂಬುದು ಹಳೆಯ ಕಡತದ ಶಬ್ದವಾಗಿದೆ. ಹಿಂಡಿನೊಂದಿಗೆ ಅಲ್ಲಿಗೆ ನಡೆದುಹೋದ ಹಿರಿಯರಿಂದ ಆ ದಾರಿಗಳ, ನೀರಿನ ತಾಣಗಳ, ತಂಗುವ ನೆಲೆಗಳ ಹೆಸರುಗಳನ್ನು ಬರೆದುಕೊಳ್ಳುವ ಕೆಲಸವನ್ನು ವಿದ್ಯಾರ್ಥಿನಿ ತೂಕದ ಯಂತ್ರ ಬಿಚ್ಚುವುದಕ್ಕೆ ಮುಂಚೆಯೇ, ಮುಂಗಾರಿನ ಮೊದಲ ವಾರದಲ್ಲೇ, ಆರಂಭಿಸಬಹುದು.