ಕ್ರೈಸ್ತರ ಪ್ರಮಾಣಗ್ರಂಥವೂ ಅದರ ಅಧಿಕಾರವೂ

ಕ್ರೈಸ್ತಮತದಲ್ಲಿ ಧರ್ಮಗ್ರಂಥವೊಂದೇ ಪರಮಪ್ರಮಾಣವೋ, ಅದನ್ನು ಪರಂಪರೆಯಿಂದ ಕಾಪಾಡಿಕೊಂಡು ಬಂದ ಧರ್ಮಸಭೆಗೂ ಪ್ರಾಮಾಣ್ಯವುಂಟೋ ಎಂಬ ವಿವಾದವು 16ನೆಯ ಶತಮಾನದಲ್ಲಿ ಪಶ್ಚಿಮ ಯೂರೋಪನ್ನು ಇಬ್ಭಾಗಮಾಡಿತು. ಆದರೆ ಆ ಗ್ರಂಥದಲ್ಲಿ ಯಾವ ಯಾವ ಪುಸ್ತಕಗಳು ಸೇರುವುವೆಂಬುದೇ ಇದಕ್ಕೆ ಪೂರ್ವಪ್ರಶ್ನೆ.

1519ನೆಯ ಇಸವಿಯಲ್ಲಿ ಜರ್ಮನಿಯ ಲೈಪ್ಜಿಗ್ ನಗರದಲ್ಲಿ ಮಾರ್ಟಿನ್ ಲೂಥರನಿಗೂ ಯೋಹಾನ್ ಎಕ್ ಎಂಬ ಪಂಡಿತನಿಗೂ ವಾದವು ನಡೆಯಿತು. ಮೃತರ ಆತ್ಮಗಳು ಶುದ್ಧಿಹೊಂದುವ ಸ್ಥಾನವೊಂದುಂಟೆಂಬುದಕ್ಕೆ ಎಕ್ಕನು ಮಕ್ಕಬಿಯರ ಎರಡನೆಯ ಪುಸ್ತಕವನ್ನು ಆಧಾರವಾಗಿ ಮುಂದಿಟ್ಟನು. ಅದರಲ್ಲಿ ಮೃತರಿಗಾಗಿ ಪ್ರಾರ್ಥಿಸಿದ ಪ್ರಸ್ತಾಪವಿದೆ. ಲೂಥರನು ಆಗ ಆ ಸ್ಥಾನವನ್ನು ಅಲ್ಲಗಳೆಯಲಿಲ್ಲ; ಆ ಪುಸ್ತಕವು ಪ್ರಮಾಣಕೋಟಿಗೆ ಸೇರಿದುದಲ್ಲವೆಂದನು. ಧರ್ಮಸಭೆಯು ಅದನ್ನು ಅಂಗೀಕರಿಸಿದೆಯೆಂಬುದು ಎಕ್ಕನ ಉತ್ತರ. ಹೀಗೆ ವಾದವು ವಾಕ್ಯಾರ್ಥವನ್ನು ಬಿಟ್ಟು ಅಧಿಕಾರದ ಕಡೆಗೆ ತಿರುಗಿತು.

ಈ ಭೇದವು ಲೂಥರನ ಕಲ್ಪನೆಯಲ್ಲ. ಮಕ್ಕಬಿಯರ ಪುಸ್ತಕಗಳೂ ತೋಬಿತ, ಯೂದಿತ ಮೊದಲಾದುವೂ ಗ್ರೀಕ್ ಭಾಷೆಯ ಹಳೆಯ ಒಡಂಬಡಿಕೆಯಲ್ಲಿದ್ದು, ಯೆಹೂದ್ಯರ ಹೀಬ್ರೂ ಸಂಗ್ರಹದಲ್ಲಿ ಇರುವುದಿಲ್ಲ. ಕ್ರಿ. ಶ. 400ರ ಸುಮಾರಿನಲ್ಲಿ ಜೆರೋಮನು, ಇವು ಪಠನಕ್ಕೆ ಯೋಗ್ಯವಾದರೂ ಸಿದ್ಧಾಂತಸ್ಥಾಪನೆಗೆ ಸಲ್ಲವೆಂದನು; ಅವನ ಸಮಕಾಲೀನನಾದ ಅಗಸ್ಟೀನನು ಸಭೆಗಳ ರೂಢಿಯನ್ನು ಮನ್ನಿಸಿ ಇವನ್ನೂ ಪ್ರಮಾಣವೆಂದೆಣಿಸಿದನು. ಸಾವಿರ ವರ್ಷಗಳಿಗೂ ಮೇಲ್ಪಟ್ಟು ಈ ಎರಡು ಅಭಿಪ್ರಾಯಗಳೂ ಒಂದೇ ಸಭೆಯೊಳಗೆ ಬಾಳಿದುವು.

ಲೈಪ್ಜಿಗಿನ ತರುವಾಯ ಅದು ಕಠಿನವಾಯಿತು. ಲೂಥರನು 1534ರ ತನ್ನ ಜರ್ಮನ್ ಬೈಬಲಿನಲ್ಲಿ ಇವನ್ನು ಎರಡು ಒಡಂಬಡಿಕೆಗಳ ನಡುವೆ ಬೇರೆಯಾಗಿಟ್ಟು, ಓದಲು ಹಿತವಾದರೂ ಧರ್ಮಗ್ರಂಥಕ್ಕೆ ಸಮವಲ್ಲವೆಂದು ಸೂಚಿಸಿದನು. 1546ನೆಯ ಏಪ್ರಿಲ್ 8ರಂದು ಟ್ರೆಂಟಿನ ಮಹಾಸಭೆಯು ಇವುಗಳನ್ನೊಳಗೊಂಡ ಪಟ್ಟಿಯನ್ನೇ ವಿಧಿಸಿ, ಒಪ್ಪದವರನ್ನು ಬಹಿಷ್ಕಾರಕ್ಕೆ ಗುರಿಮಾಡಿತು. ಅಪೊಸ್ತಲರಿಂದ ಬಂದ ಅಲಿಖಿತ ಸಂಪ್ರದಾಯಗಳಿಗೂ ಗ್ರಂಥದಷ್ಟೇ ಗೌರವವು ಸಲ್ಲತಕ್ಕದ್ದೆಂದು ಸಾರಿತು. ಇಂಗ್ಲೆಂಡಿನ ಸಭೆಯಾದರೋ ತನ್ನ 39 ವಿಧಿಗಳಲ್ಲಿ ಜೆರೋಮನ ಮಾರ್ಗವನ್ನೇ ಹಿಡಿಯಿತು.

ಇಲ್ಲಿ ಉಭಯಪಕ್ಷಗಳಿಗೂ ಒಂದು ತೊಡಕುಂಟು. ಗ್ರಂಥವು ತನ್ನ ಪುಸ್ತಕಗಳ ಪಟ್ಟಿಯನ್ನು ತಾನೇ ಕೊಡುವುದಿಲ್ಲ. ಆದಕಾರಣ ಸಭೆಯ ನಿರ್ಣಯವು ಬೇಕೆಂಬುದು ರೋಮನ್ ಪಕ್ಷ. ಆದರೆ ಆ ಸಭೆಯ ಪೂರ್ವಾಚಾರ್ಯರಲ್ಲಿಯೇ ಏಕವಾಕ್ಯತೆಯಿರಲಿಲ್ಲ. ಗ್ರಂಥದ ಪ್ರಾಮಾಣ್ಯವು ಸ್ವತಃಸಿದ್ಧ, ಬೆಳಕನ್ನು ಕತ್ತಲೆಯಿಂದ ವಿಂಗಡಿಸುವಂತೆ ಅದನ್ನು ಗುರುತಿಸಬಹುದು ಎಂದು ಕ್ಯಾಲ್ವಿನನು ವಾದಿಸಿದನು. ಆದರೂ ಗುರುತಿಸಿದವರೆಲ್ಲರಿಗೂ ಒಂದೇ ಪಟ್ಟಿ ಕಾಣಲಿಲ್ಲ.

ಇದು ಪಂಡಿತರ ಶುಷ್ಕವಾದವೆಂದು ತಿಳಿಯಲಾಗದು. ಮೃತರಾದ ತಂದೆತಾಯಿಗಳಿಗಾಗಿ ಪ್ರಾರ್ಥಿಸುವುದು ಸಫಲವೋ ನಿಷ್ಫಲವೋ ಎಂಬುದೂ ಈ ಪಟ್ಟಿಯೊಡನೆ ಹೆಣೆದುಕೊಂಡಿದ್ದಿತು.